ನ್ಯಾಯದೇವತೆಯ ಮುಖ

"ಗುರುಗಳೇ, ಒಂದು ಚಿತ್ರದಲ್ಲಿರುವ ರಸ ಯಾವುದೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಹೇಳಿದರು: "ಕೂತುಕೋ. ಈ ಕತೆ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಒಬ್ಬ ರಾಜ ಕಡಲಾಚೆಯಿಂದ ಚಿತ್ರಕಾರನನ್ನು ಕರೆಸಿ ನ್ಯಾಯದೇವತೆಯ ಚಿತ್ರ ಬರೆಸಿದ. ಚಿತ್ರದ ತುಂಬ ಕತ್ತಲೆ. ಒಂದು ಮಗ್ಗುಲಿಂದ ಬಿದ್ದ ಬೆಳಕಿನಲ್ಲಿ ಒಬ್ಬ ಹೆಂಗಸು. ಕೈಯಲ್ಲಿ ತಕ್ಕಡಿ, ಕಾಲ ಬಳಿ ತಲೆಬುರುಡೆ, ಪಕ್ಕದಲ್ಲಿ ಆಗತಾನೆ ಆರಿದ ದೀಪ. ಮುಖ ಬರೆಯುವುದಕ್ಕೆ ಚಿತ್ರಕಾರ ಅರಮನೆಯ ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬ ತಾಯಿಯನ್ನು ಎದುರು ಕೂರಿಸಿಕೊಂಡಿದ್ದ. ಮಾಡದ ಕೊಲೆಗೆ ಅವಳ ಮಗ ಸೆರೆಯಲ್ಲಿದ್ದ. ರಾಜನ ಹತ್ತಿರ ಅಹವಾಲು ಹೇಳಿಕೊಳ್ಳಲು ಅವಳನ್ನು ಯಾರೂ ಬಿಟ್ಟಿರಲಿಲ್ಲ.

ಚಿತ್ರ ಮುಗಿಯಿತು. ಅದರ ಅರ್ಥ ಹೇಳಲು ಪಂಡಿತರ ಸಭೆ ಸೇರಿತು. ಮಗನನ್ನು ಗಲ್ಲಿಗೇರಿಸುವುದೂ ಅದೇ ದಿನ ಎಂದು ನಿಗದಿಯಾಗಿತ್ತು. ತಾಯಿ ಕಾವಲುಗಾರರನ್ನು ತಳ್ಳಿಕೊಂಡು ಸಭೆಗೆ ನುಗ್ಗಿದಳು.

ಒಬ್ಬ ಪಂಡಿತ, ಬುರುಡೆಯೆಂದರೆ ದೇಹದ ಅನಿತ್ಯತೆ, ಆರಿದ ದೀಪವೆಂದರೆ ಅಳಿದ ಆಸೆ, ಆದ್ದರಿಂದ ಇದು ಶಾಂತರಸ ಎನ್ನುತ್ತಿದ್ದ. ಇನ್ನೊಬ್ಬ ಎದ್ದು, ಕಣ್ಣಂಚಿನಲ್ಲಿ ನೀರಿದೆ, ಇದು ಕರುಣರಸವೇ ಎಂದ. ವಾದಕ್ಕೆ ಕಾವೇರಿತು.

'ಬುದ್ಧೀ, ಆ ಮುಖ ನನ್ನದು. ಅದು ಶಾಂತಿಯೂ ಅಲ್ಲ, ಕರುಣೆಯೂ ಅಲ್ಲ, ನಿಮ್ಮೆಲ್ಲರ ಮೇಲಿನ ಸಿಟ್ಟು. ಹೊತ್ತು ಮುಳುಗಿದರೆ ನನ್ನ ಮಗನನ್ನು ಗಲ್ಲಿಗೆ ಹಾಕುತ್ತಾರೆ. ಅವನು ತಪ್ಪು ಮಾಡಿಲ್ಲ. ನಿಲ್ಲಿಸಿ ಅಂತ ಒಂದು ಮಾತು ಹೇಳಿ ಕಳಿಸಿ' ಎಂದು ತಾಯಿ ಕೂಗಿಕೊಂಡಳು.

ರಾಜ ಮುಖ ಸಿಂಡರಿಸಿದ. 'ಸ್ವಲ್ಪ ತಾಳಮ್ಮ, ರಸ ಯಾವುದೆಂದು ನಿರ್ಣಯವಾಗಲಿ' ಎಂದ. ಥೂ, ಅವರ ಪಾಂಡಿತ್ಯಕ್ಕೆ ಬೆಂಕಿ ಬೀಳ! ನ್ಯಾಯದೇವತೆ ಎದುರಿಗೇ ನಿಂತು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾಳೆ, ಇವರ ಕಣ್ಣೆಲ್ಲ ಗೋಡೆಯ ಚಿತ್ರದ ಮೇಲೆ!

ದೀಪ ಹಚ್ಚುವ ಹೊತ್ತಿಗೆ ಶಾಂತರಸ ಗೆದ್ದಿತು. ಗೆದ್ದವನಿಗೆ ರಾಜ ಶಾಲು ಹೊದಿಸಿದ. ಆಮೇಲೆ ತಾಯಿಯ ಕಡೆ ತಿರುಗಿ, 'ಈಗ ಹೇಳಮ್ಮ' ಎಂದ. ಅವಳಿಗೆ ಹೇಳುವುದೇನೂ ಉಳಿದಿರಲಿಲ್ಲ."

ಗುರುಗಳು ಕಣ್ಣೊರೆಸಿಕೊಂಡರು. ಚೆನ್ನವೀರ, "ಹಾಗಾದರೆ ಅದು ರೌದ್ರರಸವಲ್ಲವೇ, ಗುರುಗಳೇ?" ಎಂದ.

"ಆ ಸಭೆಯಲ್ಲಿ ನೀನಿದ್ದಿದ್ದರೆ ಶಾಲು ನಿನಗೇ ಸಿಗುತ್ತಿತ್ತು" ಎಂದರು ಗುರುಗಳು.