ಹೂವಿನ ಓಣಿಗೆ ಯಾವ ಲೆನ್ಸು?

ಹೊಳೆದಂಡೆಯ ಮನೆಯೊಂದರಲ್ಲಿ ದಾದಾಪೀರ್ ಮೇಷ್ಟ್ರು ಇದ್ದರು. ಶಾಲೆ ಮೇಷ್ಟ್ರಲ್ಲ, ಫೋಟೋ ಮೇಷ್ಟ್ರು. ಸ್ಟುಡಿಯೋ ಮುಚ್ಚಿದ ಮೇಲೂ ಕಲಿಯಲು ಜನ ಬರುತ್ತಿದ್ದರು. ಬಂದವರಿಗೆ ಮೊದಲು ಚಹಾ, ಆಮೇಲೆ ಬೈಗುಳ.

ಕೊಟ್ರೇಶ ಅವರ ಶಿಷ್ಯ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮೊದಲ ದಿನ ಬಂದವನೇ ಹೇಳಿದ್ದ: "ಜನರ ಒಳಗಿಂದು ತೆಗೆದೂ ತೆಗೆದೂ ಸಾಕಾಗೈತ್ರಿ ಮೇಷ್ಟ್ರೇ. ಹೊರಗಿಂದು ತೆಗೆಯೋದು ಕಲಿಸ್ರಿ."

"ಅದು ಇನ್ನೂ ಕಷ್ಟ," ಅಂದಿದ್ದರು ಮೇಷ್ಟ್ರು.

ಅಂದು ಅವನ ಕೈಗೆ ಒಂದು ಹಳೇ ರೇಂಜ್‌ಫೈಂಡರ್ ಕ್ಯಾಮೆರಾ ಕೊಟ್ಟರು. ಈ ಕ್ಯಾಮೆರಾದ ಸೊಗಸೇ ಬೇರೆ; ಅದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸೇ ಬರುವುದಿಲ್ಲ. ಇದರಲ್ಲಿ ನೀವು ಲೆನ್ಸಿನ ಮೂಲಕ ನೋಡುವುದಿಲ್ಲ. ಮೇಲೊಂದು ಪುಟ್ಟ ಕಿಟಕಿ ಇದೆ, ಅದರಿಂದ ನೋಡುತ್ತೀರಿ. ಕಿಟಕಿಯ ನಟ್ಟನಡುವೆ ಎದುರಿನ ಮನುಷ್ಯ ಎರಡಾಗಿ ಕಾಣುತ್ತಾನೆ. ಲೆನ್ಸಿನ ಉಂಗುರ ತಿರುಗಿಸಿ ಆ ಇಬ್ಬರನ್ನು ಒಬ್ಬನನ್ನಾಗಿ ಮಾಡಿದರೆ ಫೋಕಸ್ ಆಯಿತು ಅಂತ ಲೆಕ್ಕ. ಯಾವ ಲೆನ್ಸ್ ಹಾಕಿದರೂ ಕಿಟಕಿ ಅದೇ. ಒಳಗೆ ಕಾಣುವ ಬಿಳಿ ಗೆರೆಯ ಚೌಕಟ್ಟು ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ.

ಲೆನ್ಸುಗಳು ನಾಲ್ಕು. ಮಿಲಿಮೀಟರ್ ಲೆಕ್ಕದಲ್ಲಿ ಇಪ್ಪತ್ತೆಂಟು, ಮೂವತ್ತೈದು, ಐವತ್ತು, ತೊಂಬತ್ತು. ಇಪ್ಪತ್ತೆಂಟು ಇಡೀ ಬೀದಿಯನ್ನು ಬಾಚಿಕೊಳ್ಳುತ್ತದೆ. ತೊಂಬತ್ತು ಆಚೆ ಬದಿಯ ಒಂದು ಮುಖವನ್ನು ಈಚೆಗೆ ಎಳೆದು ತರುತ್ತದೆ. ಉಳಿದೆರಡು ನಡುವಿನವು.

ಕೊಟ್ರೇಶನ ನೆಮ್ಮದಿ ಕೆಟ್ಟಿದ್ದು ಈ ನಾಲ್ಕರಿಂದ.

ಊರಿನ ಹೂವಿನ ಓಣಿಯಲ್ಲಿ ಹನ್ನೊಂದು ಹೆಂಗಸರು ಒಂದೇ ಸಾಲಿನಲ್ಲಿ ಕೂತು ಹೂವು ಕಟ್ಟಿ ಮಾರುತ್ತಿದ್ದರು. ರಸ್ತೆ ಅಗಲ ಮಾಡುವುದೆಂದು ತೀರ್ಮಾನವಾಗಿತ್ತು. ಬರುವ ಶನಿವಾರ ಓಣಿ ಖಾಲಿ. ಎಲ್ಲರೂ ಊರಾಚೆಯ ಹೊಸ ಮಾರುಕಟ್ಟೆಗೆ.

ಸೋಮವಾರ, ಸಾಲಿನಲ್ಲಿ ಮೊದಲು ಕೂರುತ್ತಿದ್ದ ಹಾಲಮ್ಮ ಕೊಟ್ರೇಶನನ್ನು ಕರೆದಳು. ಎಲ್ಲರಿಗಿಂತ ಹಿರಿಯಳು ಅವಳೇ.

"ಏ ಕ್ಯಾಮ್ರಾದ ತಮ್ಮಾ, ಬಾ ಇಲ್ಲಿ. ಹೊಸ ಜಾಗದಾಗೆ ಚೀಟಿ ಎತ್ತಿ ಕಟ್ಟೆ ಕೊಡ್ತಾರಂತೆ. ಇನ್ನು ಯಾರ ಪಕ್ಕ ಯಾರೋ ಏನೋ. ನಾವು ಹಿಂಗೆ ಒಂದ್ ಸಾಲಾಗಿ ಕುಂತಿದ್ದು ಒಂದು ಫೋಟ ತೆಗೆದು ಕೊಡು. ಅಲ್ಲಿ ಗ್ವಾಡಿಗೆ ಹಾಕ್ಕೊಂತೀವಿ."

"ಖಂಡಿತ ಕೊಡ್ತೀನಮ್ಮಾ," ಅಂದ ಕೊಟ್ರೇಶ.

ಅಂದ ಗಳಿಗೆಯಿಂದಲೇ ಅವನಿಗೆ ಚಡಪಡಿಕೆ.

ಅವತ್ತು ತೊಂಬತ್ತು ಹಾಕಿಕೊಂಡು ಆಚೆ ಬದಿಯ ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ ನಿಂತ. ಹಾಲಮ್ಮ ಸಿಕ್ಕಳು, ಸಾಲು ಸಿಗಲಿಲ್ಲ.

ಮಂಗಳವಾರ ಇಪ್ಪತ್ತೆಂಟು. ಸಾಲು ಸಿಕ್ಕಿತು. ಮುಖಗಳು ಅಕ್ಕಿಕಾಳಿನಷ್ಟಾದವು.

ಬುಧವಾರ ಐವತ್ತು. ಮುಂದೆ ಹೋದರೆ ಸೈಕಲ್ಲುಗಳು ಅಡ್ಡ, ಹಿಂದೆ ಸರಿದರೆ ಗೋಡೆ. ಮೂವತ್ತೈದೇ ಸರಿ ಅನ್ನಿಸಿ ಚೀಲಕ್ಕೆ ಕೈ ಹಾಕಿದ. ಅಷ್ಟರಲ್ಲಿ ಹಾಲಮ್ಮನೂ ಪಕ್ಕದ ದುರುಗಮ್ಮನೂ ಏನೋ ಹೇಳಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇವನು ಲೆನ್ಸ್ ಬದಲಿಸಿ ಕಿಟಕಿಗೆ ಕಣ್ಣಿಟ್ಟಾಗ ನಗು ಮುಗಿದುಹೋಗಿತ್ತು. ದುರುಗಮ್ಮ ಸೇವಂತಿಗೆಗೆ ನೀರು ಚಿಮುಕಿಸುತ್ತಿದ್ದಳು.

ಸಂಜೆ ಓಡೋಡಿ ಹೊಳೆದಂಡೆಗೆ ಬಂದ. ಕೂರಲೂ ಇಲ್ಲ.

"ಮೇಷ್ಟ್ರೇ, ಒಂದೇ ಮಾತಿನಾಗೆ ಹೇಳಿಬಿಡ್ರಿ. ಬೀದಿಗೆ ಯಾವ ಲೆನ್ಸು?"

ಮೇಷ್ಟ್ರು ಚಹಾ ಸೋಸುತ್ತಿದ್ದರು.

"ಹೂವು ತಂದ್ಯಾ?"

"ಹೂವಾ?"

"ಮೂರು ದಿನ ಹೂವಿನ ಓಣ್ಯಾಗಿದ್ದೆ. ಒಂದು ಮೊಳ ಹೂವು ತಗೊಳ್ಳಲಿಲ್ವೇನೋ ಮಾರಾಯ? ನಾಳೆ ಮೂರು ಜನರ ಹತ್ರ ಒಂದೊಂದು ಮೊಳ ಮಲ್ಲಿಗೆ ತಗೊಂಡು ಬಾ."

ಗುರುವಾರ ಬೆಳಿಗ್ಗೆ ತಂದ. ಮೇಷ್ಟ್ರು ಮೂರನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಮಲಗಿಸಿದರು. ಮೂರೂ ಬೇರೆ ಬೇರೆ ಉದ್ದ.

ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಮೂರು ಮೊಳವನ್ನು ಒಟ್ಟಿಗಿಟ್ಟು ನೋಡುವ ಬುದ್ಧಿ ನಮಗೆ ಯಾವತ್ತಾದರೂ ಬಂದಿದೆಯೇ?

"ಇದರಾಗೆ ಸರಿಯಾದ ಮೊಳ ಯಾವುದು?" ಕೇಳಿದರು ಮೇಷ್ಟ್ರು.

"ಉದ್ದ ಇರೋದು. ಬೀಬಿಜಾನ್ ಕೊಟ್ಟಿದ್ದು."

"ಚಿಕ್ಕದು ಯಾರದ್ದು?"

"ಹಾಲಮ್ಮಂದು."

"ಹೋಗಿ ಹಾಲಮ್ಮಗೆ ಹೇಳಿ ಬಾ."

ಕೊಟ್ರೇಶ ಹೋಗಿ ಹೇಳಿಯೂ ಬಿಟ್ಟ. "ಅಮ್ಮಾ, ನಿಮ್ಮ ಮೊಳ ಬೀಬಿಜಾನ್ ಮೊಳಕ್ಕಿಂತ ನಾಲ್ಕು ಬೆರಳು ಕಮ್ಮಿ ಐತೆ."

ಹಾಲಮ್ಮನ ಕೈ ನಿಂತಿತು. ಉಳಿದ ಹತ್ತು ಜನರ ಕೈಯೂ ನಿಂತಿತು.

"ಏನಂದಿ? ನನ್ನ ಕೈ ಎಷ್ಟುದ್ದ ಐತೋ ಅಷ್ಟೇ ನನ್ನ ಮೊಳ! ಉದ್ದ ಬೇಕಂದ್ರೆ ಉದ್ದ ಕೈಯೋಳ ಹತ್ರ ಹೋಗು. ಅಕಿ ಒಂಟೆ ಇದ್ದಂಗೆ ಅದಾಳೆ!"

ನಾಲ್ಕನೇ ಬುಟ್ಟಿಯಿಂದ ಬೀಬಿಜಾನ್ ಕತ್ತು ಚಾಚಿದಳು. "ಒಂಟೆ ಅಂತೆ ಒಂಟೆ! ಏ ತಮ್ಮಾ, ನಂದು ಉದ್ದ ಖರೆ, ಹಾಲಕ್ಕ ಹೂವು ಒತ್ತಾಗಿ ಕಟ್ತಾಳೆ, ಅದನ್ನ ನೋಡಿದ್ಯಾ? ಮಲ್ಲಿಗೆ ಮುಡಿಯೋರಿಗೆ ಗೊತ್ತು ಅದು. ನಿನಗೇನು ಗೊತ್ತು, ಎಲುಬಿನ ಫೋಟ ತೆಗೆಯೋನಿಗೆ?"

ಓಣಿಗೆ ಓಣಿಯೇ ನಕ್ಕಿತು. ಕೊಟ್ರೇಶನ ಕಿವಿ ಕೆಂಪಾಯಿತು. ಆದರೆ ದಾರಿಯಲ್ಲಿ ಬರುಬರುತ್ತಾ ಅವನಿಗೆ ಏನೋ ಹೊಳೆಯಿತು, ನಡಿಗೆ ಓಟವಾಯಿತು.

"ತಿಳೀತು ಮೇಷ್ಟ್ರೇ! ಅವರವರ ಕೈ ಅವರವರ ಅಳತೆ. ನನ್ನ ಅಳತೆ ನಾನೇ ಹುಡುಕ್ಕೋಬೇಕು. ಎಂಟು ಹೆಜ್ಜೆ ದೂರ, ಮೂವತ್ತೈದು ಲೆನ್ಸು. ಇನ್ನು ಬದಲಾಯಿಸೋದಿಲ್ಲ."

"ಭೇಷ್," ಅಂದರು ಮೇಷ್ಟ್ರು. "ನೀನು ಎಂಟು ಹೆಜ್ಜೆ ದೂರ ನಿಂತಾಗ ಅವರು ಏನು ಮಾಡ್ತಾರೆ?"

ಕೊಟ್ರೇಶ ಯೋಚಿಸಿದ. "ಸೆರಗು ಸರಿ ಮಾಡ್ಕೊಂತಾರೆ. ಮಾತು ನಿಲ್ಲಿಸ್ತಾರೆ."

"ಅಂದ್ರೆ ಅದು ನಿನ್ನ ಅಳತೆ. ಅವರದ್ದು?"

"ಅವರದ್ದು ಎಷ್ಟು ಮೇಷ್ಟ್ರೇ?"

"ನನ್ನ ಯಾಕೆ ಕೇಳ್ತೀಯೋ? ನಾನೇನು ಹೂವು ಮಾರ್ತೀನಾ?"

ಶುಕ್ರವಾರ ಕೊಟ್ರೇಶ ಯಾರನ್ನೂ ಕೇಳಲಿಲ್ಲ. ಕಲಿತವರಿಗೆ ಕೇಳುವುದೊಂದು ಕಷ್ಟ, ಏನು ಮಾಡುವುದು! ಎಂಟು ಹೆಜ್ಜೆ ಎಣಿಸಿ ನಿಂತ, ರೀಲು ಮುಗಿಯುವವರೆಗೆ ತೆಗೆದ, ಮಧ್ಯಾಹ್ನವೇ ಮೇಷ್ಟ್ರ ಮನೆಯ ಕತ್ತಲೆ ಕೋಣೆಯಲ್ಲಿ ತೊಳೆದ. ಒಂದೊಂದರಲ್ಲೂ ಹನ್ನೊಂದು ಜನ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು, ರೇಷನ್ ಕಾರ್ಡಿಗೆ ತೆಗೆಸಿಕೊಂಡ ಹಾಗೆ ಕೂತಿದ್ದರು.

"ಹಾಲಮ್ಮ ಕೇಳಿದ್ದು ಇದನ್ನೇನಾ?" ಅಂದರು ಮೇಷ್ಟ್ರು.



ಶನಿವಾರ. ಹತ್ತು ಗಂಟೆಗೆ ಸಾಮಾನು ಸಾಗಿಸಲು ಟ್ರ್ಯಾಕ್ಟರ್ ಬರುತ್ತದೆಂದು ಹೇಳಿದ್ದರು. ಎಂಟಕ್ಕೇ ಕೊಟ್ರೇಶ ಓಣಿಯಲ್ಲಿದ್ದ. ಲೆನ್ಸಿನ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಗಿರಣಿ ಮೆಟ್ಟಿಲು ಹತ್ತಿದ, ಇಳಿದ. ಕೊನೆಗೆ ಹಾಲಮ್ಮನ ಬುಟ್ಟಿಯ ಮುಂದೆ ಬಂದ.

"ಅಮ್ಮಾ, ನಾನು ಎಲ್ಲಿ ನಿಂತ್ಕೊಳ್ಳಲಿ?"

"ನಿಂತ್ಕೊಳ್ಳೋದ್ಯಾಕೆ? ಐದು ದಿನದಿಂದ ಪೊಲೀಸ್ನೋರ ಹಂಗೆ ನಿಂತೇ ಇದ್ದೀಯಲ್ಲ. ನಮಗೆ ನೋಡಿ ನೋಡಿ ಕಾಲು ನೋವು ಬಂತು." ಹಾಲಮ್ಮ ಬುಟ್ಟಿಯನ್ನು ಅತ್ತ ಜರುಗಿಸಿ ಸಾಲಿನ ತುದಿಯಲ್ಲಿ ಜಾಗ ಮಾಡಿದಳು. "ಬಾ, ಇಲ್ಲಿ ಕುಂತ್ಕ."

ಕೂತ. ಕೆಳಗಿನ ಗೋಣಿತಾಟು ಒದ್ದೆಯಾಗಿತ್ತು. ಐದು ದಿನ ನೋಡಿದ ಓಣಿ ಅಲ್ಲಿಂದ ಬೇರೆಯದೇ ಆಗಿತ್ತು. ಬರಿಯ ಕಾಲುಗಳು, ಕೈಚೀಲಗಳು, ಸೈಕಲ್ಲಿನ ಚಕ್ರಗಳು. ಹೂವು ಕೇಳುವ ಕೈಗಳು ಮೇಲಿನಿಂದ ಇಳಿದು ಬರುತ್ತಿದ್ದವು.

"ಕೈ ಸುಮ್ನೆ ಇಟ್ಕಬ್ಯಾಡ," ಅಂದು ಹಾಲಮ್ಮ ಒಂದು ಕಟ್ಟು ಬಾಳೆನಾರು ಅವನ ತೊಡೆಯ ಮೇಲೆ ಹಾಕಿದಳು. "ಸಣ್ಣಗೆ ಸೀಳು."

ಸೀಳಿದ. ನಾರು ನಡುವಿನಲ್ಲೇ ತುಂಡಾಯಿತು. ಇನ್ನೊಂದು ಸೀಳಿದ, ಅದೂ ತುಂಡು.

"ಅಯ್ಯೋ ಇವನ! ನಾರಿನ ಎಲುಬು ಮುರೀತಿದಾನೆ ನೋಡ್ರೇ!" ಅಂದಳು ದುರುಗಮ್ಮ.

"ಮುರೀಲಿ ಬಿಡಕ್ಕಾ, ಆಮೇಲೆ ಎಕ್ಸ್‌ರೇ ತೆಗೀತಾನೆ," ಅಂತ ಬೀಬಿಜಾನ್.

ಕೊಟ್ರೇಶನೂ ನಕ್ಕ. ಆಮೇಲೆ ಅವನು ಅಲ್ಲಿರುವುದನ್ನೇ ಅವರು ಮರೆತರು. ದುರುಗಮ್ಮನ ಮಗಳನ್ನು ಸೇವಂತಿಗೆ ಬುಟ್ಟಿಯಲ್ಲಿ ಮಲಗಿಸಿ ಬೆಳೆಸಿದ್ದು, ಮದುವೆಗೆಂದು ಕಟ್ಟಿದ ಹಾರವನ್ನು ಹಸು ತಿಂದು ಮದುಮಗ ಬರಿಗೊರಳಲ್ಲಿ ಹೋಗಿದ್ದು, ಒಂದೊಂದೇ ಬಂತು. ಇವನ ಕೈಯಲ್ಲಿ ನಾರು ನೆಟ್ಟಗೆ ಸೀಳತೊಡಗಿತು. ಕ್ಯಾಮೆರಾ ತೊಡೆಯ ಮೇಲಿತ್ತು.

ಮೇಷ್ಟ್ರು ಯಾವಾಗ ಬಂದರೋ, ಎದುರಿನ ಗಿರಣಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಸದ್ದು ಕೇಳಿಸಿತು.

ಕೊಟ್ರೇಶ ನಾರನ್ನು ಬದಿಗೆ ಹಾಕಿದ. ಕ್ಯಾಮೆರಾ ಎತ್ತಿ ಹಾಲಮ್ಮನ ಕಡೆ ತಿರುಗಿದ. ಕಿಟಕಿಯೊಳಗೆ ಇಬ್ಬರು ಹಾಲಮ್ಮಂದಿರು. ಉಂಗುರ ತಿರುಗಿಸಿದ. ಉಂಗುರ ಕೊನೆಗೆ ಹೋಗಿ ನಿಂತಿತು, ಇಬ್ಬರು ಒಬ್ಬಳಾಗಲಿಲ್ಲ.

"ಮೇಷ್ಟ್ರೇ!" ಕೂಗಿದ. "ಇಷ್ಟು ಹತ್ತಿರ ಆದ್ರೆ ಯಾವ ಲೆನ್ಸೂ ನಡೆಯೋದಿಲ್ರೀ! ಮೂರಡಿನಾದ್ರೂ ದೂರ ಬೇಕು!"

ಆ ವಾರದಲ್ಲಿ ಮೇಷ್ಟ್ರು ನಕ್ಕಿದ್ದು ಆಗಲೇ.

"ಹೌದಾ? ಹಂಗಾದ್ರೆ ಈಗ ಎದ್ದು ಹಿಂದಕ್ಕೆ ಸರಿ."

ಕೊಟ್ರೇಶ ಎದ್ದ. ಸಾಲಿನ ನೇರಕ್ಕೇ ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದು ಇಟ್ಟ. ಹಾಲಮ್ಮನ ಹಿಂದೆ ಸಾಲು ಕೊನೆಯವರೆಗೂ ಕಂಡಿತು. ಯಾರೂ ಸೆರಗು ಮುಟ್ಟಲಿಲ್ಲ. ಯಾರ ಮಾತೂ ನಿಲ್ಲಲಿಲ್ಲ. ಇವನೇಕೆ ಎದ್ದ ಎಂದು ಹತ್ತು ತಲೆಗಳು ಸಾಲಿನಿಂದ ಹೊರಕ್ಕೆ ಬಾಗಿ ನೋಡಿದವು.

"ಏಯ್, ಎಲ್ಲಿಗೆ ಹೊಂಟ್ಯೋ, ನಾರು ಅರ್ಧಕ್ಕೆ ಬಿಟ್ಟು?" ಹಾಲಮ್ಮ ನಗುತ್ತಲೇ ಕೈ ಚಾಚಿದಳು. "ಬಾರೋ ಇಲ್ಲಿ!"

ಒತ್ತಿದ. ಕ್ಲಿಕ್ ಅಂದಿತು. ಇನ್ನೊಂದಕ್ಕೆ ರೀಲು ತಿರುಗಿಸುವಷ್ಟರಲ್ಲಿ ಟ್ರ್ಯಾಕ್ಟರ್ ಸಾಲಿನ ಮುಂದೆ ಬಂದು ನಿಂತಿತ್ತು, ಹೆಂಗಸರು ಏಳತೊಡಗಿದ್ದರು.

ಇದಾಗಿ ಮೂರು ವಾರ ಕಳೆಯಿತು. ಕೊಟ್ರೇಶ ದಿನವೂ ಬಂದು ಕತ್ತಲೆ ಕೋಣೆ ಹೊಕ್ಕು ಅದೊಂದೇ ಚಿತ್ರವನ್ನು ಮುದ್ರಿಸುತ್ತಿದ್ದ. ಒಂದು ಸಲ ಕಪ್ಪು ಜಾಸ್ತಿ, ಒಂದು ಸಲ ಬಿಳಿ ಜಾಸ್ತಿ. ಹೊಸ ಮಾರುಕಟ್ಟೆಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ಒಂದು ದಿನ ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

"ಹಾಲಮ್ಮಗೆ ಫೋಟ ಕೊಟ್ಯಾ?"

"ಇಲ್ರೀ."

"ಯಾಕೆ?"

ಕೊಟ್ರೇಶ ಚಿತ್ರವನ್ನು ಅವರ ಕೈಗೆ ಕೊಟ್ಟ. ಹತ್ತು ಮುಖಗಳು ಒಂದರ ಹಿಂದೊಂದು ಇಣುಕುತ್ತಿದ್ದವು. ಎಲ್ಲಕ್ಕೂ ಮುಂದೆ ಹಾಲಮ್ಮ, ಬಾಯಿ ತುಂಬ ನಗು, ಬಲಗೈ ನೇರ ನೋಡುವವರ ಕಡೆಗೆ.

"ಕೈ ನೋಡ್ರಿ ಮೇಷ್ಟ್ರೇ. ಮಸುಕಾಗೈತೆ. ಮೂವತ್ತೈದು ಹಾಕಿದ್ದೆ; ಇಪ್ಪತ್ತೆಂಟು ಹಾಕಿದ್ರೆ ಹತ್ತಿರದ್ದು ದೂರದ್ದು ಎಲ್ಲಾ ಚೊಕ್ಕ ಬರ್ತಿತ್ತು, ಕೈನೂ. ನಾನೇ ತಪ್ಪು ಆರಿಸಿದೆ. ಈಗ ಅಲ್ಲಿ ಒಬ್ಬೊಬ್ಬರು ಒಂದೊಂದು ಮೂಲ್ಯಾಗೆ ಅದಾರಂತೆ, ಮತ್ತೆ ಸಾಲಾಗಿ ಕೂರಿಸೋಕೂ ಆಗಲ್ಲ. ಫೋಟ ಎಲ್ಲಿ ಅಂತ ಹಾಲಮ್ಮ ಎರಡು ಸಲ ಹೇಳಿ ಕಳಿಸಿದ್ಲು. ಇದನ್ನ ಹೆಂಗೆ ತಗೊಂಡು ಹೋಗ್ಲಿ?"

ಮೇಷ್ಟ್ರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಿರುಗಿ ಅವನ ಕೈಯಲ್ಲಿಟ್ಟರು.

"ಕರೀತಾ ಇದಾಳಲ್ಲೋ. ಹೋಗು."