ಬಡಿಸುವವನ ಕಣ್ಣಿನೊಳಗಿನ ಬಳ್ಳಿ

"ಗುರುಗಳೇ, ಒಬ್ಬನ ದೋಷವನ್ನು ಕಣ್ಣಾರೆ ಕಂಡ ಮೇಲೂ ಅವನನ್ನು ದೂರ ಇಡದೆ ಇರುವುದು ಹೇಗೆ?" ಎಂದು ಶಿಷ್ಯ ಕೇಳಿದ. ಜೊತೆಯವನೊಬ್ಬನನ್ನು ಮಠದಿಂದ ಕಳಿಸಿಬಿಡಬೇಕೆಂದು ಅವನು ಆಗಲೇ ತೀರ್ಮಾನಿಸಿಕೊಂಡು ಬಂದಿದ್ದ. ಗುರುವಿನ ಒಪ್ಪಿಗೆಯಷ್ಟೇ ಬೇಕಿತ್ತು.

"ಕೂತುಕೋ. ಈ ಕತೆ ಹೇಳುವುದೆಂದರೆ ನನಗೆ ಬಹಳ ಇಷ್ಟ. ನಡುವೆ ಎದ್ದುಹೋಗಬೇಡ," ಎಂದು ಗುರು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಿಸುವವನಿದ್ದ. ಮದುವೆ, ಮುಂಜಿ, ನಾಮಕರಣ, ಎಲ್ಲಿ ಪಂಕ್ತಿ ಕೂತರೂ ಅವನೇ ಬೇಕು. ಅನ್ನದ ಗುಂಡಿಗೆ ಅವನು ಸಾರು ಬಿಟ್ಟರೆ ಕಟ್ಟೆ ಒಡೆಯುತ್ತಿರಲಿಲ್ಲ. ಅವನಿಗೆ ಕಷ್ಟವೆಂದು ಇದ್ದದ್ದು ಹಣೆಯ ಬುಗುಟು ಒಂದೇ. ಹೋದಲ್ಲೆಲ್ಲ ಬಾಗಿಲಿಗೆ ತಲೆ ಬಡಿಯುತ್ತಿತ್ತು. ಈ ಊರಿನ ಬಡಗಿಗಳಿಗೆ ಅಳತೆಯೇ ಗೊತ್ತಿಲ್ಲ ಎಂದು ಬೈದುಕೊಂಡು ಓಡಾಡುತ್ತಿದ್ದ.

ವಯಸ್ಸು ನಲವತ್ತು ದಾಟಿತು. ಕನ್ನಡಕ ಬೇಕೇನೋ ಎಂದು ಕಣ್ಣಿನ ವೈದ್ಯನ ಬಳಿಗೆ ಹೋದ. ವೈದ್ಯ ಹೊಸಬ. ಕಣ್ಣಿಗೆ ಔಷಧಿ ಬಿಟ್ಟು, ಕೈಯಲ್ಲೊಂದು ಗಾಜು ಹಿಡಿದು, ಒಳಗೆ ಬೆಳಕು ಹಾಯಿಸಿ ನೋಡಿದ. ನೋಡಿ ಬೆರಗಾದ.

ಎಲ್ಲರ ಕಣ್ಣಿನೊಳಗೂ ರಕ್ತನಾಳಗಳು ಒಂದೇ ಬುಡದಿಂದ ಹೊರಟು, ಬಳ್ಳಿಯಂತೆ ಮೇಲಕ್ಕೂ ಕೆಳಕ್ಕೂ ಹಬ್ಬುತ್ತವೆ. ಇವನ ಎರಡೂ ಕಣ್ಣಿನಲ್ಲಿ ಒಂದು ಕಡೆ ಒಳಪದರವೇ ಇರಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಕೂಡಿಕೊಳ್ಳಬೇಕಿದ್ದ ಜಾಗ ಕೂಡಿಕೊಳ್ಳದೆ ಬೆಳ್ಳಗೆ ಉಳಿದಿತ್ತು. ನಾಳಗಳು ಅಲ್ಲಿಯವರೆಗೆ ಬಂದು, ಕೆರೆ ಏರಿಯ ಮೇಲೆ ನಡೆಯುವವರ ಹಾಗೆ, ಅಂಚು ಹಿಡಿದು ಬಳಸಿ ಹೋಗಿದ್ದವು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಚಿತ್ರ! ವೈದ್ಯನಿಗೆ ಎಷ್ಟು ಖುಷಿಯಾಯಿತೆಂದರೆ, ಪಕ್ಕದ ಕೋಣೆಯ ನರ್ಸನ್ನೂ ಕರೆದು ತೋರಿಸಿದ.

ಆ ಖುಷಿಯಲ್ಲಿ ಒಂದು ಸಂಗತಿ ಮರೆತ. ಆ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಕಣ್ಣಿನ ವೈದ್ಯರು ಕಂಡದ್ದನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತಾರೆ. ಇವನು ತಿರುಗಿಸಿಕೊಳ್ಳಲಿಲ್ಲ.

"ಕಣ್ಣಿನೊಳಗೆ ಕೆಳಭಾಗ ಆಕಾಶ ನೋಡುತ್ತದೆ, ಮೇಲ್ಭಾಗ ನೆಲ ನೋಡುತ್ತದೆ," ಎಂದ. ಅದೇನೋ ಸರಿಯೇ. "ನಿಮಗೆ ಮೇಲ್ಭಾಗ ಬೆಳೆದೇ ಇಲ್ಲ, ನಾಳಗಳೂ ಸೊಟ್ಟ ಹೋಗಿವೆ. ಅಂದಮೇಲೆ ಕೆಳಗಿನದು ಕಾಣುವುದಿಲ್ಲ. ಬಡಿಸುವುದು ಬಿಟ್ಟುಬಿಡಿ. ಬಿಸಿ ಸಾರು ಯಾರ ತೊಡೆಯ ಮೇಲಾದರೂ ಬಿದ್ದೀತು."

"ಕಾಣುತ್ತಲ್ಲ ಸ್ವಾಮಿ?"

"ಕಾಣುತ್ತೆ ಅಂತ ನಿಮಗೆ ಅನ್ನಿಸುತ್ತೆ."

ಹೇಳಿದವನು ಓದಿದವನು. ಬಡಿಸುವವನು ನಂಬಿದ. ಅವನು ಹೇಳಿದ್ದೆಲ್ಲ ಕೇಳಿ ಅಡುಗೆಯ ಮುಖ್ಯಸ್ಥನೂ ನಂಬಿದ. ಅವನನ್ನು ಪಂಕ್ತಿಯಿಂದ ಬಿಡಿಸಿ ಒಳಗೆ ಸೌತೆಕಾಯಿ ಹೆಚ್ಚಲು ಕೂರಿಸಿದ. ಹೊರಗೆ ಊಟದ ಸದ್ದು, ಒಳಗೆ ಇವನ ಅಳು. ಅವನ ಜಾಗಕ್ಕೆ ಬಂದವನು ಬೀಗರ ಎಲೆಯ ಮಜ್ಜಿಗೆಹುಳಿಯ ಮೇಲೆ ಪಾಯಸ ಸುರಿದ. "ಅಯ್ಯಾ, ನಿಮ್ಮ ಆ ಕುರುಡನೇ ವಾಸಿ, ಅವನನ್ನೇ ಕಳಿಸ್ರೀ!" ಎಂದು ಬೀಗರು ಕೂಗಿದರು. ಯಾರೂ ಕಳಿಸಲಿಲ್ಲ. ಡಾಕ್ಟರು ಬೇಡ ಅಂದಿದ್ದಾರಲ್ಲ!

ಮಾರನೆಯ ದಿನ ಬಡಿಸುವವನು ವೈದ್ಯನ ಬಳಿಗೆ ಓಡಿದ. ಆಡಿದ ಮಾತು ವಾಪಸು ತೆಗೆದುಕೊಳ್ಳಿ ಎಂದು ಕೇಳುವುದಿತ್ತು. ಬಾಗಿಲಲ್ಲಿ ವೈದ್ಯನ ಹೆಸರಿನ ಬೋರ್ಡು ತೂಗುತ್ತಿತ್ತು. ಧಡ್! ಹಣೆ ಬಡಿದು ಬೋರ್ಡು ಕೆಳಗೆ ಬಿತ್ತು.

"ಅಷ್ಟು ದೊಡ್ಡ ಬೋರ್ಡು ಕಾಣಲಿಲ್ಲವೇನ್ರೀ?"

"ಹೊಸ್ತಿಲ ಮೇಲೆ ಇರುವೆ ಹೋಗ್ತಿತ್ತು ಡಾಕ್ಟ್ರೇ. ತುಳಿದುಬಿಟ್ಟೇನು ಅಂತ ನೋಡ್ಕೊಂಡು ದಾಟಿದೆ. ನಿಮ್ಮ ಬಾಗಿಲೂ ಗಿಡ್ಡವೇ ಬಿಡಿ."

ವೈದ್ಯ ಅವನ ಹಣೆ ನೋಡಿದ. ಹಳೆಯ ಬುಗುಟಿನ ಮೇಲೆ ಹೊಸದೊಂದು ಏಳುತ್ತಿತ್ತು. ಆಮೇಲೆ ತನ್ನ ಕೈಯ ಗಾಜು ನೋಡಿದ. ಕಂಡದ್ದನ್ನು ತಿರುಗಿಸಿಕೊಳ್ಳದೆ ಇದ್ದದ್ದು ನೆನಪಾಗಿ ಮುಖ ಕೆಂಪಾಯಿತು. ಬಿದ್ದ ಬೋರ್ಡನ್ನು ಅಲ್ಲೇ ಬಿಟ್ಟು, ಅವನ ಜೊತೆ ತಾನೇ ಊಟ ನಡೆಯುತ್ತಿದ್ದ ಛತ್ರಕ್ಕೆ ನಡೆದ.

"ಇವರಿಗೆ ಕಾಣದೆ ಇರುವುದು ಮೇಲಿನದು. ಎಲೆ ಚೆನ್ನಾಗಿ ಕಾಣುತ್ತದೆ," ಎಂದು ಎಲ್ಲರ ಮುಂದೆ ಹೇಳಿದ. "ಬಾಗಿಲಲ್ಲಿ ತಲೆ ಬಗ್ಗಿಸಿದರೆ ಸಾಕು."

"ಮತ್ತೆ ಸೊಟ್ಟ ಹೋಗಿರೋ ನಾಳಗಳು?" ಎಂದ ಮುಖ್ಯಸ್ಥ.

"ಅವು ಇವರು ಹುಟ್ಟುವ ಮೊದಲೇ ದಾರಿ ಹುಡುಕಿಕೊಂಡಿವೆ. ನನ್ನನ್ನೇನೂ ಕೇಳಲಿಲ್ಲ."

ಬಡಿಸುವವನು ಸೌತೆಕಾಯಿ ಬಿಟ್ಟು ಸಾರಿನ ಪಾತ್ರೆ ಎತ್ತಿಕೊಂಡ. ವೈದ್ಯನಿಗೂ ಒಂದು ಎಲೆ ಹಾಕಿದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ! ದೋಷವಿದ್ದದ್ದು ಆ ವೈದ್ಯನಲ್ಲಿ!"

"ಒಳ್ಳೆಯದು, ಅವನನ್ನೂ ಓಡಿಸಿಬಿಡೋಣ," ಎಂದರು ಗುರು, "ಆಮೇಲೆ ಉಳಿಯುವುದು ನೀನು, ನಾನು. ಮೊದಲು ಹೊರಡುವುದು ಯಾರು?"