ಕಪ್ಪಾದ ಹೋಳುಗಳು

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ಅನಸೂಯಮ್ಮ ಎಂಬ ಗುರು ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ಹಿಂದೆ ಜೀವರಸಾಯನ ಕಲಿಸಿದವರು. ಅವರ ಬಳಿ ಕಲಿಯಲೆಂದೇ ಪದವಿ ಮುಗಿಸಿದ ಪ್ರಭಂಜನ ಅಲ್ಲಿಗೆ ಬಂದು ನೆಲೆಸಿದ್ದ. ರಕ್ತ ಪರೀಕ್ಷೆ ಅವನ ಪಾಲಿನ ಕೆಲಸ.

ಒಂದು ಬೆಳಿಗ್ಗೆ ಅವನು ಬಿರುಸಿನಿಂದ ಅಡುಗೆಮನೆಗೆ ಬಂದ.

“ಅಮ್ಮಾ, ನಿಮ್ಮ ಔಷಧ ಹೊನ್ನವ್ವನಿಗೆ ನಾಟುತ್ತಿಲ್ಲ. ಆಕೆಯ ರಕ್ತವೇ ಹೇಳುತ್ತಿದೆ.”

“ಆಕೆಗೆ ತಿಳಿಸಿದೆಯಾ?”

“ತಿಳಿಸಿದೆ. ಸತ್ಯ ಮುಚ್ಚಿಡುವುದು ನನಗೆ ಬರುವುದಿಲ್ಲ.”

“ಏನಂದಳು?”

“ಚಿಕಿತ್ಸೆ ಸಾಕು, ಊರಿಗೆ ಹೋಗುತ್ತೇನೆ ಅಂದಳು. ಗಂಟು ಕಟ್ಟುತ್ತಿದ್ದಾಳೆ.”

ಹೊನ್ನವ್ವನಿಗೆ ಸಕ್ಕರೆ ಕಾಯಿಲೆ. ಮೂತ್ರಪಿಂಡಗಳು ಸೋಲತೊಡಗಿದ್ದವು. ಔಷಧ ಬಿಟ್ಟರೆ ಅವು ಬಹುಕಾಲ ತಾಳುವುದಿಲ್ಲವೆಂದು ಗುರುವಿಗೂ ಗೊತ್ತಿತ್ತು, ಶಿಷ್ಯನಿಗೂ ಗೊತ್ತಿತ್ತು.

“ರಕ್ತದಲ್ಲಿ ಏನು ಕಂಡೆ?”

“ಪ್ರೋಟೀನುಗಳ ಮೇಲಿನ ಗಾಯ. ಹೋದ ತಿಂಗಳಿಗಿಂತ ಹೆಚ್ಚು.”

“ಹೆಚ್ಚು,” ಎಂದರು ಗುರು.

ಒಪ್ಪಿಕೊಂಡರೆಂದು ಅವನು ತಿಳಿದ. ಅವರು ಈಳಿಗೆಯನ್ನೂ ಬದನೆಕಾಯಿಯ ಬುಟ್ಟಿಯನ್ನೂ ಅವನ ಮುಂದಿಟ್ಟಾಗ ಮಾತಿನ ಅರ್ಥ ತಿಳಿಯಿತು.

ಅವನು ಕುಳಿತು ಹೆಚ್ಚತೊಡಗಿದ. ಹೋಳುಗಳು ಒಣ ತಟ್ಟೆಗೆ ಬಿದ್ದವು.

“ಆ ಗಾಯ ಯಾರು ಮಾಡಿದ್ದು?” ಗುರು ಕೇಳಿದರು.

“ರೋಗವಿರುವ ಮೈಯಲ್ಲಿ ಆಮ್ಲಜನಕದ ಪುಂಡ ಕಣಗಳು ಮಿತಿಮೀರುತ್ತವೆ. ರೆಪ್ಪೆ ಬಡಿಯುವುದರೊಳಗೆ ಮಾಯವಾಗುತ್ತವೆ. ಆದರೆ ಅವು ತಾಗಿದ ಪ್ರೋಟೀನಿನಲ್ಲಿ ಗುರುತು ಉಳಿಯುತ್ತದೆ. ಕಳ್ಳ ಸಿಗುವುದಿಲ್ಲ ಅಮ್ಮಾ, ಮುರಿದ ಬಾಗಿಲು ಸಿಗುತ್ತದೆ. ನಾನು ಬಾಗಿಲುಗಳನ್ನು ನೋಡುತ್ತೇನೆ.”

ಗುರುವಿನ ಮುಖ ಅರಳಿತು. “ಇಷ್ಟು ಚೆನ್ನಾಗಿ ನಾನೂ ಪಾಠ ಹೇಳಿರಲಿಲ್ಲ.”

ಪ್ರಭಂಜನ ಬೆನ್ನು ನೆಟ್ಟಗೆ ಮಾಡಿದ.

“ಬಾಗಿಲು ಮುರಿದದ್ದು ಕಳ್ಳನೇ ಎಂದು ಹೇಗೆ ತಿಳಿಯುತ್ತೀಯೆ?”

“ಮತ್ತೆ ಇನ್ನಾರು?”

ಅಷ್ಟರಲ್ಲಿ ಹೊನ್ನವ್ವ ಗಂಟು ಹಿಡಿದು ಬಾಗಿಲಿಗೆ ಬಂದಳು. ಹೋಗಿಬರುತ್ತೇನೆ ಎನ್ನಲು ಬಂದವಳು ತಟ್ಟೆ ನೋಡಿ ನಿಂತಳು.

“ಅಲ್ಲೋ ತಮ್ಮಾ, ಹೆಚ್ಚಿದ್ದನ್ನ ನೀರಿಗೆ ಹಾಕಬೇಕು ಅನ್ನೋದೂ ಗೊತ್ತಿಲ್ಲೇನು ನಿನಗ? ಎಲ್ಲಾ ಕರ‍್ರಗ ಮಾಡಿಟ್ಟೀಯಲ್ಲ!”

ಗುರು ಒಂದು ಹೋಳನ್ನು ಎತ್ತಿ ಅವನ ಮುಂದೆ ಹಿಡಿದರು.

“ಈ ಕಾಯಿಗೆ ರೋಗವಿತ್ತೇ?”

“ಇಲ್ಲ. ಹೆಚ್ಚಿದ ಮೇಲೆ ಗಾಳಿ ತಾಗಿತು. ಆದರೆ ಇದರ ರಸಾಯನವೇ ಬೇರೆ, ಅಮ್ಮಾ.”

“ರಸಾಯನ ಬೇರೆ. ಗಾಳಿ?”

ಅವನ ಕೈ ಈಳಿಗೆಯ ಮೇಲೆಯೇ ನಿಂತಿತು.

ನಿನ್ನೆ ರಕ್ತ ತೆಗೆದವನು ಅದನ್ನು ಮಂಜುಗಡ್ಡೆಯಲ್ಲಿ ಇಟ್ಟಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೊಳೆಗೆ ಈಜಲು ಹೋಗಿದ್ದ. ಬರುವಷ್ಟರಲ್ಲಿ ಬಿಸಿಲು ಅಲ್ಲಿಗೆ ಬಂದಿತ್ತು.

ಅವನು ಎದ್ದು ಹೊನ್ನವ್ವನ ಎದುರು ನಿಂತ.

“ಅವ್ವಾ, ತಪ್ಪು ನನ್ನದು. ನಾನು ಅಳೆದ ಗಾಯ ನಿಮ್ಮ ಮೈಯಲ್ಲಿ ಆದದ್ದೋ, ನನ್ನ ಕಿಟಕಿಯಲ್ಲಿ ಆದದ್ದೋ, ಈಗ ನನಗೆ ಗೊತ್ತಿಲ್ಲ. ಇನ್ನೊಮ್ಮೆ ರಕ್ತ ಕೊಡುತ್ತೀರಾ?”

ಹೊನ್ನವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹಂಗಿದ್ದರ ಔಷಧ ನಿನ್ನ ಕಿಟಕಿಗೇ ಕುಡಿಸೋ,” ಎಂದಳು. ಗಂಟು ಕೆಳಗಿಟ್ಟು ತೋಳು ಚಾಚಿದಳು.

ಈ ಸಲ ಅವನು ರಕ್ತವನ್ನು ಒಂದು ಗಳಿಗೆಯೂ ಹೊರಗೆ ಬಿಡಲಿಲ್ಲ. ಊಟಕ್ಕೂ ಏಳಲಿಲ್ಲ.

ಸಂಜೆ ಉತ್ತರ ಬಂತು. ಗಾಯಗಳು ಹೋದ ತಿಂಗಳಿಗಿಂತ ಕಡಿಮೆ. ಹೊನ್ನವ್ವ ಗಂಟು ಬಿಚ್ಚಿದಳು.

ಪ್ರಭಂಜನ ಅಡುಗೆಮನೆಗೆ ಓಡಿದ.

“ಅಮ್ಮಾ, ನನ್ನ ಲೆಕ್ಕ ತಪ್ಪೆಂದು ನಿಮಗೆ ಮೊದಲೇ ಗೊತ್ತಿತ್ತೇ?”

“ಇಲ್ಲ. ಬದನೆಕಾಯಿ ಹೆಚ್ಚುವವರು ಬೇಕಿತ್ತು.”

ಅವರು ಅವನ ಪಾಲಿನ ಊಟವನ್ನು ಮುಚ್ಚಿಟ್ಟಿದ್ದರು. ತಟ್ಟೆಯಲ್ಲಿ ರೊಟ್ಟಿ, ಪಕ್ಕದಲ್ಲಿ ಕಪ್ಪು ಕಪ್ಪಾದ ಪಲ್ಯ. ಅದನ್ನು ನೋಡಿ ಅವನು ತಲೆ ತಗ್ಗಿಸಿದ.

“ಈ ಹೋಳುಗಳನ್ನು ಎಸೆದುಬಿಡಬಹುದಿತ್ತಲ್ಲ, ಅಮ್ಮಾ?”

ಗುರು ಇನ್ನೊಂದು ಸೌಟು ಬಡಿಸಿದರು.

“ಯಾಕೆ? ಬದನೆಕಾಯಿಯ ತಪ್ಪೇನು?”